ಟಯರಿಗೆ ಬಿಳಿ ಬರೆಯುವ ಕೆಲಸ

ಟಯರಿಗೆ ಬಿಳಿ ಅಕ್ಷರ ಬರೆಯಲು ಕೂತವನ ಹತ್ತಿರ ವಾರಕ್ಕೊಂದಾದರೂ ಗಾಡಿ ಕತೆ ಹೊತ್ತುಕೊಂಡೇ ಬರುತ್ತದೆ. ನಾನು ಇದುವರೆಗೆ ಬರೆದದ್ದೆಲ್ಲ ಎರಡು ಸಾಲಿನ ಬೋರ್ಡುಗಳು. ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಟಯರಿನ ಪಕ್ಕದಲ್ಲಿ ಕಂಪನಿಯ ಹೆಸರು ಉಬ್ಬಿಕೊಂಡಿರುತ್ತದಲ್ಲ, ಕಪ್ಪಿನ ಮೇಲೆ ಕಪ್ಪು, ಯಾರ ಕಣ್ಣಿಗೂ ಬೀಳದ್ದು? ಅದಕ್ಕೆ ಬಿಳಿ ತುಂಬುವುದು, ಬೇಡವೆಂದರೆ ಕಪ್ಪು ಬಳಿದು ಮುಚ್ಚುವುದು ನನ್ನ ಕೆಲಸ. ಮೊದಲು ಮೂಡಿಗೆರೆಯ ಅಂಗಡಿಗಳಿಗೆಲ್ಲ ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸ್ ಬಂತು, ಬೋರ್ಡು ಹೋಯಿತು. ಟಯರು ಹಿಡಿದಾಗ ಹೆಂಡತಿ ಹೇಳಿದಳು, "ಯುಗಾದಿವರೆಗೆ ನೋಡಿ. ಆಗದಿದ್ರೆ ನಮ್ಮಣ್ಣನ ಕೋಳಿ ಅಂಗಡಿಗೆ ಹೋಗಿ. ಅವನಿಗೂ ಜನ ಬೇಕಂತೆ."

ನಾನು ಕೋಳಿ ತಿನ್ನುತ್ತೇನೆ. ಆದರೆ ಅದು ನನ್ನ ಮುಖ ನೋಡುವಾಗ ಕತ್ತರಿಸಲು ನನ್ನಿಂದಾಗದು. ಆದ್ದರಿಂದ ಕುಂಚ ಉಳಿಯಲೇಬೇಕಿತ್ತು.

1

ಮೊದಲ ಗಿರಾಕಿ ಗೋಣಿಬೀಡಿನ ಡ್ರೈವರ್. ಪ್ರವಾಸಿಗಳನ್ನು ಬಾಡಿಗೆ ಜೀಪಿನಲ್ಲಿ ಗುಡ್ಡ ಹತ್ತಿಸುವವನು. ನಾಲ್ಕೂ ಟಯರನ್ನು ಪೆಟ್ರೋಲಿನಲ್ಲಿ ಒರೆಸಿ, ಎರಡು ಕೋಟು ಹಚ್ಚಿ ಕಳಿಸಿದೆ. ಮಾರನೇ ದಿನವೇ ವಾಪಸ್ಸು ಬಂದ.

"ಏನಣ್ಣ, ಎಂಥ ಬಣ್ಣ ಹಾಕಿದ್ದೀರಿ? ಒಂದು ಅಕ್ಷರ ಇಲ್ಲ!"

ಕೋಳಿಗಳು ಕಣ್ಣ ಮುಂದೆ ಬಂದವು. ಒದ್ದೆ ಬಟ್ಟೆ ತಂದು ಒರೆಸಿದೆ. ಅರ್ಧ ಇಂಚು ಕೆಂಪು ಕೆಸರಿನ ಕೆಳಗೆ ಅಕ್ಷರಗಳು ಹಾಗೇ ಇದ್ದವು.

"ಕೆಸರಲ್ಲಿ ಓಡಿಸಿದ್ರೆ ಕಾಣೋದು ಹೇಗೆ ಮಾರಾಯ? ತೊಳಿ."

"ದಿನಾ ತೊಳೆಯೋಕೆ ನನಗೆಲ್ಲಿ ಪುರುಸೊತ್ತು?" ಎಂದ. ಟಯರಿನಲ್ಲಿ ಉಳಿದ ಕೆಸರನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಹೇಳಿದ, "ಒಂದು ಕೆಲಸ ಮಾಡಿ ಅಣ್ಣ. ಇನ್ನೊಂದ್ಸಲ ಹಾಗೇ ಬರ್ತೀನಿ, ಆ ಕೆಸರಿನ ಮೇಲೇ ಬರೆದುಬಿಡಿ."

2

ಎರಡನೆಯವರು ನಮ್ಮ ಕಡೆಯ ಒಬ್ಬ ತೋಟದ ಗೌಡ್ರು. ಅವರು ಮೆಚ್ಚಿದರೆ ಸುತ್ತಲಿನ ಎಸ್ಟೇಟ್ ಜೀಪುಗಳೆಲ್ಲ ಬರುತ್ತವೆ, ಬೈದರೆ ಒಂದೂ ಬರುವುದಿಲ್ಲ. ಅದಕ್ಕೇ ಉಸಿರು ಬಿಗಿಹಿಡಿದು ಬರೆದಿದ್ದೆ. ತಿಂಗಳೊಳಗೆ ಮತ್ತೆ ಬಂದರು.

"ದೊಡ್ಡಪ್ಪ ಹೋಗಿಬಿಟ್ರು ಮಾರಾಯ. ಈ ಬಿಳಿ ಅಕ್ಷರ ಇಟ್ಕೊಂಡು ಸಾವಿನ ಮನೆಗೆ ಹೋದ್ರೆ ಗಾಡಿ ಹಲ್ಲು ಕಿಸಿದ ಹಾಗೆ ಕಾಣುತ್ತೆ. ಸೂತಕ ಕಳೆಯೋವರೆಗೆ ಕಪ್ಪು ಮಾಡು. ಹನ್ನೊಂದು ದಿನ ಕಳೆದ ಮೇಲೆ ಮತ್ತೆ ಬಿಳಿ."

ಮಾಡಿದೆ. ಅವಸರದಲ್ಲಿ ಹಿಂದೆ ನೇತಾಡುವ ಸ್ಟೆಪ್ನಿ ಟಯರನ್ನು ಮರೆತೆ. ನಾಲ್ಕನೆಯ ದಿನ ಸಾವಿನ ಮನೆಯ ಅಂಗಳದಲ್ಲಿ ಕೂತಿದ್ದ ವಯಸ್ಸಾದ ಅತ್ತೆಯೊಬ್ಬರು ಅದನ್ನೇ ನೋಡಿ, "ಇದೇನೋ, ನಾಲ್ಕು ಟಯರಿಗೆ ಸೂತಕ, ಐದನೆಯದಕ್ಕೆ ಇಲ್ವಾ?" ಎಂದು ಎಲ್ಲರೆದುರು ಕೇಳಿದರಂತೆ.

ಗೌಡ್ರು ವಾಪಸ್ಸು ಬಂದು ಇದನ್ನು ಹೇಳಿದರು. "ನೀವೇನಂದ್ರಿ ಗೌಡ್ರೇ?" ಎಂದೆ.

"ಏನನ್ನೋದು? ಅದು ದೂರದ ಸಂಬಂಧ, ಅತ್ತೆ, ಅದಕ್ಕೆ ಮೂರೇ ದಿನದ ಸೂತಕ ಅಂದೆ."

3

ಯುಗಾದಿಗೆ ಹದಿನೈದು ದಿನ ಇತ್ತು. ಮಗಳ ನಿಶ್ಚಿತಾರ್ಥಕ್ಕೆ ವಸ್ತಾರೆಯ ಬೀಗರ ಮನೆಗೆ ಹೊರಟಿದ್ದ ಅದೇ ಗೌಡ್ರು ಜೀಪು ತಂದು ನಿಲ್ಲಿಸಿದರು. "ಕಂಪನಿ ಹೆಸರು ನಾನ್ಯಾಕೆ ಹೊರಲಿ? ಅದನ್ನ ಮುಚ್ಚಿ, ನಮ್ಮ ತೋಟದ ಹೆಸರು ಕನ್ನಡದಲ್ಲಿ ಬರಿ. ಬೀಗರು ಓದಬೇಕು."

ಟಯರಿನಲ್ಲಿ ಮೇಲೊಂದು ಕೆಳಗೊಂದು ಹೆಸರು, ದುಂಡಗೆ ಸುತ್ತಿ ಬರೆದೆ. ನೋಡಿದರು.

"ಕೆಳಗಿನದು ತಲೆಕೆಳಗಾಗಿದೆಯಲ್ಲ?"

"ಚಕ್ರ ತಿರುಗುತ್ತಲ್ಲ ಗೌಡ್ರೇ. ತಿರುಗಿದಾಗ ಕೆಳಗಿನದು ಮೇಲೆ ಬಂದು ನೆಟ್ಟಗಾಗುತ್ತೆ."

"ತಿರುಗೋದು ಓಡುವಾಗ. ಜನ ಓದೋದು ನಿಂತಾಗ. ನೆಟ್ಟಗೆ ಬರಿ!"

ವಾದ ಮಾಡಿದರೆ ಗಿರಾಕಿ ಹೋಗುತ್ತಾರೆ. ಕೆಳಗಿನದನ್ನೂ ನೆಟ್ಟಗೆ ಬರೆದೆ. ನಿಂತ ಜೀಪು ಲಕ್ಷಣವಾಗಿತ್ತು. ಆದರೆ ಚಕ್ರ ಅರ್ಧ ಸುತ್ತು ತಿರುಗಿ ನಿಂತರೆ ಎರಡೂ ತಲೆಕೆಳಗೇ. ಸಾಲದ್ದಕ್ಕೆ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತುತ್ತದೆ. ನಮ್ಮ ರಸ್ತೆಯಲ್ಲಿ ತಿರುವುಗಳಿಗೇನು ಬರವೇ? ಬೀಗರ ಮನೆ ಮುಟ್ಟುವಾಗ ನಾಲ್ಕು ಚಕ್ರದ ಅಕ್ಷರಗಳು ನಾಲ್ಕು ದಿಕ್ಕಿಗೆ ಮುಖ ಮಾಡಿದ್ದವಂತೆ. ಗೌಡ್ರು ಕೆಳಗಿಳಿದು ನಿಂತು, "ಒಂದು ಗೇಣು ಮುಂದೆ! ಸ್ವಲ್ಪ ಹಿಂದೆ!" ಎಂದು ಡ್ರೈವರನಿಂದ ಅರ್ಧ ಗಂಟೆ ಜೀಪು ಸರಿಸಿದ್ದಾರೆ. ಮುಂದಿನದು ನೆಟ್ಟಗಾದರೆ ಹಿಂದಿನದು ಮಲಗುತ್ತಿತ್ತು. ಒಳಗೆ ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಕೂಗುತ್ತಿದ್ದರಂತೆ.

ಇಷ್ಟನ್ನೂ ಗೌಡ್ರ ಡ್ರೈವರ್ ಅವತ್ತೇ ಫೋನಿನಲ್ಲಿ ಹೇಳಿದ. ಮುಗಿಯಿತು ಎಂದುಕೊಂಡೆ. ಕುಂಚ ತೊಳೆದು ಡಬ್ಬದಲ್ಲಿಟ್ಟೆ. ಬೆಳಿಗ್ಗೆ ಕಲೆಯಾದರೂ ಪರವಾಗಿಲ್ಲ ಎಂಬ ಹಳೇ ಅಂಗಿ ಹಾಕಿಕೊಂಡು ಭಾವನ ಕೋಳಿ ಅಂಗಡಿಗೆ ಹೊರಟಿದ್ದೆ, ಗೌಡ್ರ ಜೀಪು ಬಾಗಿಲಿಗೇ ಬಂತು.

"ತಪ್ಪಾಯ್ತು ಗೌಡ್ರೇ," ಎಂದೆ, ಅವರು ಇಳಿಯುವ ಮೊದಲೇ.

"ಎಂಥ ತಪ್ಪು? ಅಲ್ಲಿ ಹುಡುಗನನ್ನ ಯಾರೂ ನೋಡಲಿಲ್ಲ ಮಾರಾಯ. ಬಂದವರೆಲ್ಲ ಜೀಪಿನ ಸುತ್ತ ಬಗ್ಗಿ, ಕತ್ತು ವಾರೆ ಮಾಡಿ ನಮ್ಮ ತೋಟದ ಹೆಸರು ಓದಿದ್ದೇ ಓದಿದ್ದು! ಬೀಗರ ಮೂರು ಗಾಡಿಗೂ ಬೇಕಂತೆ. ನಾಳೆ ಬರ್ತಾರೆ."

ಒಳಗಿನಿಂದ ಹೆಂಡತಿ ಫೋನಿನಲ್ಲಿ ಅಣ್ಣನಿಗೆ ಹೇಳುತ್ತಿದ್ದುದು ಕೇಳಿಸಿತು, "ಬೇರೆ ಯಾರನ್ನಾದ್ರೂ ನೋಡ್ಕೊ. ಇವರಿಗೆ ಪುರುಸೊತ್ತಿಲ್ಲ."

ನನಗೆ ಎಷ್ಟು ಸಂತೋಷವಾಯಿತೆಂದರೆ, "ಈ ಸಲ ಹೇಗೆ ನಿಂತರೂ ಒಂದಾದರೂ ನೆಟ್ಟಗೆ ಕಾಣೋ ಹಾಗೆ ಬರೀತೀನಿ ಗೌಡ್ರೇ," ಎಂದುಬಿಟ್ಟೆ.

ಗೌಡ್ರು ಗಾಬರಿಯಾದರು. "ಅಯ್ಯೋ ಬೇಡ! ಸೊಟ್ಟಗೇ ಇರಬೇಕು ಅಂತ ಬೀಗರು ಒತ್ತಿ ಹೇಳಿ ಕಳಿಸಿದ್ದಾರೆ. ನೆಟ್ಟಗಿದ್ರೆ ಯಾರು ನಿಂತು ಓದ್ತಾರೆ?"