ಸೂಜಿಗೆ ಮಂಗಳಾರತಿ

ವಾಗೀಶನ ಪ್ರಯೋಗಾಲಯದಲ್ಲಿ ಆಯುಧಪೂಜೆ ರಜೆಯ ಹಿಂದಿನ ದಿನವೇ ನಡೆದುಬಿಡುತ್ತದೆ. ಅಟೆಂಡರ್ ಚಿಕ್ಕಮಾದಯ್ಯ ಬೆಳಿಗ್ಗೆಯಿಂದ ತಟ್ಟೆ ಹಿಡಿದು ಫ್ರಿಜ್ಜು, ಫ್ಯಾನು, ಕೊನೆಗೆ ಬಾಗಿಲ ಬೀಗವನ್ನೂ ಬಿಡದೆ ಕುಂಕುಮ ಇಡುತ್ತ ಬಂದ. ಉಳಿದದ್ದು ವಾಗೀಶನ ಸೂಕ್ಷ್ಮದರ್ಶಕ ಒಂದೇ.

ಅದರೊಳಗೆ ಕೂದಲಿಗಿಂತ ತೆಳ್ಳಗಿನ ಮೊನೆಯ ಸೂಜಿ. ಕತ್ತಲಲ್ಲಿ ಗೋಡೆ ತಡಕುವ ಬೆರಳಿನಂತೆ ಅದು ಸವರುತ್ತ ಹೋದರೆ, ಸಿಕ್ಕಿದ್ದು ಗೆರೆಗೆರೆಯಾಗಿ ಪರದೆಯ ಮೇಲೆ ಮೂಡುತ್ತದೆ. ಅದೇ ಮೊನೆಯಿಂದ ಮುಟ್ಟಿ, ಕಣ್ಣಿಗೆ ಕಾಣದಷ್ಟು ಪುಟ್ಟ ಉಪ್ಪಿನ ಹರಳು ಬೆಳೆಸುವುದು ವಾಗೀಶನ ಥೀಸಿಸ್ಸು. ಪಾಪ, ಐದು ವರ್ಷವಾದರೂ ಒಂದೂ ಬೆಳೆದಿರಲಿಲ್ಲ. ಥೀಸಿಸ್ ಮುಗಿಯದೆ ಮದುವೆಯ ಮಾತೆತ್ತಬೇಡಿ ಎಂದು ಅವನು ಮೆಚ್ಚಿದ ಹುಡುಗಿ ಅಕ್ಷತಾಳ ಅಪ್ಪ, ಶ್ರೀರಾಂಪುರದ ಶಿವಮಲ್ಲಪ್ಪನವರು, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಸಂಜೆ ಗೈಡ್ ಮೃತ್ಯುಂಜಯ ಸರ್ ಬರುವವರಿದ್ದರು. ಒಂದೇ ಒಂದು ಹರಳು ತೋರಿಸಿದರೆ ಸಾಕಿತ್ತು.

ಕುಂಬಳಕಾಯಿ ಒಡೆದರೆ ಸೂಜಿ ಅದುರುತ್ತದೆ ಎಂದು ವಾಗೀಶ ಕೈಮುಗಿದ. ಚಿಕ್ಕಮಾದಯ್ಯ ಕಾಯಿ ಬಿಟ್ಟ, ಆರತಿ ಬಿಡಲಿಲ್ಲ. ಆಯುಧ ಒಳಗಿರುವಾಗ ಗಾಜಿನ ಮುಚ್ಚಳಕ್ಕೆ ಪೂಜೆ ಮಾಡಿದರೆ ಯಾವ ದೇವರು ಒಪ್ಪುತ್ತಾನೆ ಎಂದು ಮುಚ್ಚಳ ಎತ್ತಿ, ಸೂಜಿಗೇ ಕರ್ಪೂರ ಬೆಳಗಿದ. ವಾಗೀಶ ಕೆಮ್ಮುತ್ತ ಮುಚ್ಚಳ ಮತ್ತೆ ಮುಚ್ಚಿದ.

ಮಧ್ಯಾಹ್ನ ಸೂಜಿ ಸವರತೊಡಗಿತು. ಗೆರೆಯ ಮೇಲೆ ಗೆರೆ. ಅರೆ, ಹರಳು! ಮೆಟ್ಟಿಲು ಮೆಟ್ಟಿಲಾಗಿ ಎದ್ದ ಪುಟ್ಟ ಬೆಟ್ಟ. ನೋಡುತ್ತ ನೋಡುತ್ತ ವಾಗೀಶ ಅದನ್ನು ಹತ್ತಿದ. ಪಕ್ಕದಲ್ಲಿ ಅಕ್ಷತಾ ಸೀರೆಯ ನೆರಿಗೆ ಹಿಡಿದು ಹತ್ತುತ್ತಿದ್ದಳು. ತುದಿಯಲ್ಲಿ ಶಿವಮಲ್ಲಪ್ಪನವರು ಹಾರ ಹಿಡಿದು ನಿಂತಿದ್ದರು, ಅದೂ ನಗುತ್ತ. ಇಷ್ಟು ಸುಖ ಅವನಿಗೆ ಎಂದೂ ಆಗಿರಲಿಲ್ಲ.

ಬೆನ್ನ ಮೇಲೆ ಕೈ ಬಿತ್ತು. ಮೃತ್ಯುಂಜಯ ಸರ್. ಪರದೆ ನೋಡಿ ಅವರೂ ಹಿಗ್ಗಿದರು. ಇನ್ನೊಂದು ಸಲ ಸವರಿಸಿ, ನನ್ನ ಕಣ್ಣೆದುರೇ ಮೂಡಲಿ ಎಂದರು. ಮತ್ತೆ ಗೆರೆಯ ಮೇಲೆ ಗೆರೆ. ಬೆಟ್ಟ ಅರ್ಧಕ್ಕರ್ಧ ಕರಗಿತ್ತು. ಮತ್ತೊಂದು ಸಲ ನೋಡಿದರೆ ಬರೀ ಬಯಲು.

ಸರ್ ಮುಚ್ಚಳ ತೆಗೆದು ಮೂಗು ಒಡ್ಡಿದರು. "ಉಪ್ಪು ಎಲ್ಲಾದ್ರೂ ಗಾಳೀಲಿ ಮಾಯ ಆಗುತ್ತೇನ್ರೀ? ಇದು ಕರ್ಪೂರ ಕಣ್ರೀ."

ವಾಗೀಶನಿಗೆ ಅಳುವೇ ಬಂತು. ಸರ್ ಮಾತ್ರ ಖಾಲಿ ಪರದೆಯನ್ನೇ ನೋಡುತ್ತ ಯಾವುದೋ ಕನಸಿಗೆ ಜಾರಿದ್ದರು.

"ಎಷ್ಟು ಚೆನ್ನಾಗಿ ಬೆಳ್ದಿತ್ತು" ಎಂದರು ಕೊನೆಗೆ. "ಉಪ್ಪು ಬಿಟ್ಬುಡಿ ವಾಗೀಶ. ಇನ್ಮೇಲೆ ನಿಮ್ ಥೀಸಿಸ್ಸು ಕರ್ಪೂರದ್ದೇ. ಮೊದಲ್ನಿಂದ ಶುರು ಮಾಡಿ."

ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಅಕ್ಷತಾ. ಎತ್ತಿಕೊಳ್ಳಲು ಧೈರ್ಯ ಸಾಲದೆ ವಾಗೀಶ ನಿಂತೇ ಇದ್ದ. ಬಾಗಿಲಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಚಿಕ್ಕಮಾದಯ್ಯ ಸಂಭ್ರಮದಿಂದ ಕೇಳಿದ:

"ಅಂಗಾರೆ ದಿನಾ ಬಂದು ಆರತಿ ಎತ್ಲಾ ಸಾ?"