ಎಲ್ಮರ್ ನೋಡಿದರೆ ಸೋಲು

ಎಲ್ಮರ್ ಕೊವಾಚ್‌ಗೆ ಟಿಕೆಟ್ ಸಿಕ್ಕಿದ್ದೇ ತಪ್ಪಾಯಿತು. ಟೈರ್ ಕಾರ್ಖಾನೆಯ ಕಾರ್ಮಿಕ ಸಂಘದವರು ಚೀಟಿ ಎತ್ತಿದಾಗ ಅವನ ಹೆಸರು ಬಂತು. ಊರಿನ ಬೇಸ್‌ಬಾಲ್ ತಂಡ ಹೆರನ್ಸ್‌ನ ಕೊನೆಯ ಪಂದ್ಯ, ಗೆದ್ದರೆ ಕಪ್. ಹೆರನ್ಸ್ ಹಿಂದೆ ಕಪ್ ಗೆದ್ದಾಗ ಎಲ್ಮರ್ ತೊಟ್ಟಿಲಲ್ಲಿ ನಿದ್ದೆ ಹೊಡೆಯುತ್ತಿದ್ದನಂತೆ. ಈಗ ತಲೆ ಬೋಳಾಗಿದೆ. ಒಮ್ಮೆ, ಒಂದೇ ಒಂದು ಸಲ, ಆ ಗೆಲುವನ್ನು ಕಣ್ಣಾರೆ ನೋಡಬೇಕೆಂಬುದು ಅವನ ಆಸೆ.

ತೊಂದರೆಯೇನೆಂದರೆ, ಅವನು ಟಿವಿ ಮುಂದೆ ಕೂತರೆ ಹೆರನ್ಸ್ ಸೋಲುತ್ತಿತ್ತು. ಬಿಯರ್ ತರಲು ಎದ್ದು ಹೋದರೆ ರನ್ ಬರುತ್ತಿತ್ತು. ಇದನ್ನು ಕಂಡುಹಿಡಿದವನು ಪಕ್ಕದ ಮನೆಯ ವರ್ನ್. ನಮ್ಮವರಿಗೆ ಆಡಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಎಲ್ಮರ್‌ನ ದೃಷ್ಟಿ ಕೆಟ್ಟದ್ದು ಎಂದು ನಂಬುವುದು ಬೀದಿಗೆಲ್ಲ ಹಾಯೆನಿಸಿತು.

ಪಂದ್ಯದ ದಿನ ಬೆಳಿಗ್ಗೆಯೇ ವರ್ನ್ ಬಾಗಿಲು ಬಡಿದ. "ದಮ್ಮಯ್ಯ ಅಂತೀನಿ ಎಲ್ಮರ್, ಹೋಗ್ಬೇಡ ಕಣೋ."

"ಟಿಕೆಟ್ ನಂದು."

"ಟಿಕೆಟ್ ನಿಂದು, ಕಪ್ ಊರಿಂದು!"

ಆಮೇಲೆ ಪಾದ್ರಿಗಳ ಫೋನು. "ದೇವರು ಇಂಥದ್ದನ್ನೆಲ್ಲ ನಂಬಲ್ಲ ಎಲ್ಮರ್. ಆದ್ರೂ ನೀವು ಮನೇಲಿದ್ರೆ ಒಳ್ಳೇದು."

ಹೆಂಡತಿ ಲೊರೇನ್ ಕಾರಿನ ಕೀಲಿ ಬಚ್ಚಿಟ್ಟಳು. "ನಮ್ಮ ಮದ್ವೆ ದಿನಾನೇ ಹನ್ನೊಂದು ರನ್ನಿಂದ ಸೋತ್ರು. ಅವತ್ತೇ ನಂಗೆ ಅರ್ಥ ಆಗ್ಬೇಕಿತ್ತು."

ಎಲ್ಮರ್ ಹಿತ್ತಲಿನ ಬೇಲಿ ಹಾರಿ, ಪ್ಯಾಂಟು ಹರಿದುಕೊಂಡು, ಬಸ್ಸು ಹಿಡಿದ.

ಅವನು ಸೀಟಿನಲ್ಲಿ ಕೂತದ್ದೇ ತಡ, ಎದುರಾಳಿಗಳು ನಾಲ್ಕು ರನ್ ಬಾರಿಸಿದರು. ಅನುಮಾನದಿಂದ ಎದ್ದುಹೋಗಿ ಸಾಸೇಜ್ ಬನ್ ತಿಂದ. ಹೆರನ್ಸ್‌ಗೆ ಎರಡು ರನ್. ಇನ್ನೊಂದು ತಿಂದ, ಮತ್ತೊಂದು ರನ್. ಮೂರನೆಯದು ಗಂಟಲಲ್ಲಿ ಇಳಿಯದೆ ಮರಳಿ ಬಂದು ಕೂತರೆ ಹೆರನ್ಸ್ ಮೂರು ರನ್ನಿಗೇ ನಿಂತಿತು. ಕೊನೆಯ ಸರದಿ ಬಂದಾಗ ಗೆಲ್ಲಲು ಎರಡು ರನ್ ಬೇಕಿತ್ತು, ಇಬ್ಬರು ಔಟಾಗಿದ್ದರು, ಮೂರನೆಯವನೂ ಔಟಾದರೆ ಆಟ ಮುಗಿದಂತೆ; ಇನ್ನಿಬ್ಬರು ಬೇಸ್‌ಗಳಲ್ಲಿ ಓಡಲು ಕಾದು ನಿಂತಿದ್ದರು. ಎಲ್ಮರ್‌ಗೆ ಅಳು ಬಂತು. ಊರು ಗೆಲ್ಲಲಿ, ನನ್ನ ಕಣ್ಣಿನ ಆಸೆ ಹಾಳಾಗಲಿ ಎಂದುಕೊಂಡು ಹಿಂದಿದ್ದ ಶೌಚಾಲಯಕ್ಕೆ ನುಗ್ಗಿದ.

ಒಳಗೆ ಆರು ಮಂದಿ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ನೀವೂ ಅಪಶಕುನಾನಾ?" ಎಂದರು ದಪ್ಪ ಮೀಸೆಯವರೊಬ್ಬರು, ಹಲ್ಲಿನ ಡಾಕ್ಟರು. "ನಾನು ನೋಡಿದ್ರೆ ಚೆಂಡೆಸೆಯೋನ ಭುಜಾನೇ ಜಾರುತ್ತೆ."

"ಅದೇನು ಮಹಾ!" ಎಂದ ಇನ್ನೊಬ್ಬ, ಬಸ್ ಡ್ರೈವರ್. "ನಾನು ಸೀನಿದ್ದಕ್ಕೇ ಹೋದ್ವರ್ಷ ಕ್ಯಾಚ್ ಬಿಟ್ಟಿದ್ದು."

ಎಲ್ಮರ್ ಗಂಟಲು ಸರಿಮಾಡಿಕೊಂಡ. "ನನ್ನ ಮದ್ವೆ ದಿನ ಹನ್ನೊಂದು ರನ್ನಿಂದ ಸೋತ್ರು."

ಡಾಕ್ಟರು ಟೋಪಿ ತೆಗೆದು, "ಬನ್ನಿ ಸಾರ್, ಮುಂದೆ ಬನ್ನಿ" ಎಂದು ಜಾಗ ಬಿಟ್ಟರು. ಹೆರನ್ಸ್‌ನ ಅಭಿಮಾನಿಯಾಗಿ ಎಲ್ಮರ್‌ಗೆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ 'ಠಪ್' ಎಂದು ಬ್ಯಾಟಿನ ಸದ್ದು. ಇಡೀ ಮೈದಾನ ಎದ್ದು ಬೊಬ್ಬೆ ಹೊಡೆಯಿತು.

"ಗೆದ್ವಿ!" ಎಂದು ಕಿರುಚಿದ ಎಲ್ಮರ್ ಬಾಗಿಲು ತಳ್ಳಿ ಓಡಿದ. ಆರೂ ಜನ ಅವನ ಹಿಂದೆ.

ಚೆಂಡು ಇನ್ನೂ ಗಾಳಿಯಲ್ಲಿತ್ತು. ಏಳು ಜೊತೆ ಕಣ್ಣು ಒಟ್ಟಿಗೆ ಅದರ ಮೇಲೆ ಬಿದ್ದವು. ಬೇಲಿ ದಾಟಬೇಕಿದ್ದ ಚೆಂಡು, ಎಗರಿದ ಎದುರಾಳಿಯೊಬ್ಬನ ಕೈಗವುಸಿನೊಳಗೆ ತೆಪ್ಪಗೆ ಹೋಗಿ ಕೂತಿತು. ಆಟ ಮುಗಿಯಿತು.

ಆಮೇಲೆ ಆರು ಬೆರಳುಗಳು ಎಲ್ಮರ್ ಕಡೆ ತಿರುಗಿದವು. "ಬಾಗಿಲು ತೆಗೆದಿದ್ದು ಇವ್ನೇ!" ಎಂದು ಡ್ರೈವರ್ ಸುತ್ತಲಿನವರಿಗೆಲ್ಲ ಕೇಳುವಂತೆ ಕೂಗಿದ. "ಹನ್ನೊಂದು ರನ್ನಿನ ಆಸಾಮಿ!"

ಡಾಕ್ಟರು ಮಾತ್ರ ಎಲ್ಮರ್‌ನ ಹೆಗಲ ಮೇಲೆ ಕೈಯಿಟ್ಟರು. "ಇಂಥ ಶಕ್ತಿ ವ್ಯರ್ಥ ಆಗ್ಬಾರ್ದು. ಮುಂದಿನ ವರ್ಷ ನಾವೇ ಸೇರಿ ಇವ್ರಿಗೆ ಇಡೀ ಸೀಸನ್ನಿನ ಟಿಕೆಟ್ ತೆಗೆಸೋಣ."

ಎಲ್ಮರ್‌ನ ಮುಖ ಅರಳಿತು. "ನಿಜವಾಗ್ಲೂ?"

"ಎದುರಾಳಿಗಳ ಊರಲ್ಲಿ. ಅವ್ರ ಟೋಪಿ ಹಾಕ್ಕೊಂಡು, ಅವ್ರ ಪರವಾಗೇ ಕೂಗ್ಬೇಕು."

ಎಲ್ಮರ್ ಕೇಳಿದ. "ಹೆರನ್ಸ್ ಅಲ್ಲಿಗೆ ಆಡೋಕೆ ಬಂದಾಗ್ಲಾದ್ರೂ ನಾನು ನೋಡ್ಬಹುದಲ್ವಾ?"

"ಛೆ, ಛೆ," ಎಂದರು ಡಾಕ್ಟರು. "ಅವತ್ತು ನಿಮಗೆ ರಜೆ."