ರಿಪೇರಿಯಾದ ಲಿಫ್ಟಿನ ಸನ್ನಿಧಾನಕ್ಕೆ

ಗೆ,
ನೀರು ಸರಬರಾಜು ಕಚೇರಿಯ ಏಕೈಕ ಲಿಫ್ಟ್ ಆಗಿ ನೆಲಮಹಡಿಯಿಂದ ಐದನೇ ಮಹಡಿಯವರೆಗೆ ಆಳ್ವಿಕೆ ನಡೆಸುತ್ತಿರುವ ಘನತೆವೆತ್ತವರಿಗೆ

ವಿಷಯ: ತಾವು ಸರಿಯಾಗಿ ಕೆಲಸ ಮಾಡುತ್ತಿರುವುದರಿಂದ ನನಗೆ ಆಗುತ್ತಿರುವ ತೊಂದರೆಯ ಕುರಿತು

ಮಾನ್ಯರೇ,

ಮೊದಲಿಗೆ ತಮ್ಮ ಕ್ಷೇಮ ವಿಚಾರಿಸುವುದು ನನ್ನ ಕರ್ತವ್ಯ. ಹೊಸ ಮೋಟಾರು, ಹೊಸ ಹಗ್ಗ, ಒಳಗೋಡೆಗೊಂದು ಆಳೆತ್ತರದ ಕನ್ನಡಿ, ನೆತ್ತಿಯ ಮೇಲೊಂದು ಪುಟ್ಟ ಫ್ಯಾನು, ಇಷ್ಟೆಲ್ಲ ಚಿಕಿತ್ಸೆಯ ನಂತರ ತಾವು ಪೂರ್ಣ ಗುಣಮುಖರಾಗಿದ್ದೀರಿ ಎಂಬುದನ್ನು ತಾವು ಬಾಗಿಲು ತೆರೆಯುವ ಠೀವಿಯಿಂದಲೇ ದಿನವೂ ತಿಳಿದುಕೊಳ್ಳುತ್ತಿದ್ದೇನೆ, ಮತ್ತು ಅದಕ್ಕಾಗಿ ಮನಸಾರೆ ವಿಷಾದಿಸುತ್ತೇನೆ.

ನಾನು ಐದನೇ ಮಹಡಿಯ ದೂರು ವಿಭಾಗದ ಗುಮಾಸ್ತ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬರೆದವರಿಗೂ, ಬರುತ್ತಿರುವುದು ನೀರೇ ಅಲ್ಲ ಎಂದು ಬರೆದವರಿಗೂ, ಬೀಗ ಹಾಕಿದ ಮನೆಯ ಮೀಟರ್ ಓಡುತ್ತಲೇ ಇದೆ ಎಂದು ಗೋಳಾಡಿದವರಿಗೂ ‘ತಮ್ಮ ಅಹವಾಲು ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರವನ್ನು ಬೇರೆ ಬೇರೆ ವಿನಯದಲ್ಲಿ ಬರೆದು ಕಳಿಸುವುದು ನನ್ನ ವೃತ್ತಿ. ದೂರುಗಳಿಂದ ಏನೂ ಆಗುವುದಿಲ್ಲ ಎಂಬುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಈ ಊರಿನಲ್ಲಿ ಬೇರೊಬ್ಬರಿಲ್ಲ. ಅಂಥವನೇ ಇಂದು ಕಾಗದ ಹಿಡಿದು ಕೂತಿದ್ದೇನೆಂದರೆ ನನ್ನ ಪರಿಸ್ಥಿತಿ ಎಲ್ಲಿಗೆ ಮುಟ್ಟಿದೆ ಎಂಬುದನ್ನು ತಾವೇ ಊಹಿಸಬೇಕು.

ಕಳೆದ ವರ್ಷ ತಾವು ಲೆಕ್ಕಪತ್ರ ವಿಭಾಗದ ಮೇಡಂ ಅವರನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೂರು ಮತ್ತು ನಾಲ್ಕನೇ ಮಹಡಿಗಳ ನಡುವೆ ಮುನಿಸಿಕೊಂಡು ನಿಂತಿರಲ್ಲ, ಅಂದಿನಿಂದಲೇ ಈ ಕಟ್ಟಡದ ಸುವರ್ಣಯುಗ ಆರಂಭವಾಯಿತು. ಮೇಡಂ ಅವರನ್ನು ಹೊರಗೆಳೆದದ್ದಾಯಿತು, ತಮ್ಮ ಕೊರಳಿಗೆ ‘ಕೆಟ್ಟಿದೆ’ ಎಂಬ ಫಲಕ ತೂಗುಹಾಕಿದ್ದಾಯಿತು, ದುರಸ್ತಿಯ ಕಡತವು ನಮ್ಮ ಕಚೇರಿಯ ಘನ ಪರಂಪರೆಯಂತೆ ಮೇಜಿನಿಂದ ಮೇಜಿಗೆ ಮೀನಮೇಷ ಎಣಿಸುತ್ತಾ ಹೊರಟಿತು. ಎಲ್ಲರೂ ತಮಗೆ ಹಿಡಿಶಾಪ ಹಾಕಿದರು. ನಾನೂ ಹಾಕಿದೆ, ಆಗ ನನಗೆ ತಮ್ಮ ಬೆಲೆ ತಿಳಿದಿರಲಿಲ್ಲ.

ಆ ದಿನಗಳಲ್ಲೇ ನನ್ನ ಅಕ್ಕನ ಲಿವರ್ ಕೈಕೊಟ್ಟಿತು. ಅಕ್ಕ ಎಂದರೆ ಶಾಲೆಯಲ್ಲಿ ಆಟದ ಮೇಡಂ ಆಗಿದ್ದವಳು, ಕೊರಳಲ್ಲಿ ಸೀಟಿ ಕಟ್ಟಿಕೊಂಡು ಸೇವಾವಧಿಯುದ್ದಕ್ಕೂ ಪರರ ಮಕ್ಕಳನ್ನು ಮೈದಾನದ ಸುತ್ತ ಓಡಿಸಿದವಳು, ಒಂದು ದಿನವೂ ಒಂದು ತೊಟ್ಟು ಮದ್ಯ ಮುಟ್ಟಿದವಳಲ್ಲ. ಅವಳದು ಕೆಟ್ಟಿತು, ಕುರ್ಚಿಗೆ ಬೇರು ಬಿಟ್ಟ ತಮ್ಮನದು ಗಟ್ಟಿಯಾಗಿ ಉಳಿಯಿತು ಎಂದ ಮೇಲೆ ಮೇಲಿನವನ ಕಚೇರಿಯೂ ನಮ್ಮದರ ಹಾಗೆಯೇ ನಡೆಯುತ್ತಿರಬೇಕು. ರಕ್ತದ ಗುಂಪು ಹೊಂದಿದ್ದು ಮನೆಯಲ್ಲಿ ನನ್ನೊಬ್ಬನದೇ. ನನ್ನ ಲಿವರಿನ ಒಂದು ತುಂಡು ಕತ್ತರಿಸಿ ಅವಳಿಗೆ ಜೋಡಿಸಿದರೆ ಎರಡೂ ಕಡೆ ಬೆಳೆದುಕೊಳ್ಳುತ್ತದೆ ಎಂದ ಡಾಕ್ಟರು, ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, “ಆದರೆ ಇದರಲ್ಲಿ ಲಿವರ್‌ಗಿಂತ ಕೊಬ್ಬೇ ಜಾಸ್ತಿ ಕಾಣ್ತಿದೆಯಲ್ರೀ, ಮೊದಲು ತೂಕ ಇಳಿಸಿಕೊಂಡು ಬನ್ನಿ” ಎಂದು ನನ್ನನ್ನು ವಾಪಸು ಕಳಿಸಿದರು.

ತೂಕ ಇಳಿಸಿಕೊಳ್ಳುವ ವಿಷಯದಲ್ಲಿ ಈ ಲೋಕದಲ್ಲಿ ಬಿಟ್ಟಿ ಸಲಹೆಗಳಿಗೆ ಬರಗಾಲವಿಲ್ಲ ಎಂಬುದು ಆಗ ತಿಳಿಯಿತು. ಬೆಳಿಗ್ಗೆ ಬೇಗ ಏಳಿ ಎಂದವರು, ಏಳುವುದೇ ಬೇಡ ಉಸಿರಾಡಿ ಸಾಕು ಎಂದವರು, ಊಟಕ್ಕೆ ಮೊದಲು ನೀರು ಕುಡಿಯಿರಿ ಎಂದವರು, ನೀರನ್ನೇ ಊಟ ಮಾಡಿ ಎಂದವರು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ಜಿಮ್ಮಿಗೆ ಸೇರಿದೆ. ಅಲ್ಲಿ ಪೈಲ್ವಾನ್ ಎಂದು ಕರೆಸಿಕೊಳ್ಳುತ್ತಿದ್ದ ತರಬೇತುದಾರ, “ಇನ್ನೊಂದೇ ಒಂದು ಸಾರ್” ಎಂದು ಹೇಳಿ ಅದರ ಮೇಲೆ ಇನ್ನಷ್ಟು ಎತ್ತಿಸುವ ಸುಳ್ಳುಗಾರ. ಸುಳ್ಳು ಹೇಳುವವರ ಸಹವಾಸ ಬೇಡವೆಂದು ನೈತಿಕ ಕಾರಣಗಳಿಗಾಗಿ ಬಿಟ್ಟೆ. ನಮ್ಮ ವಿಭಾಗದ ಟೈಪಿಸ್ಟು ತನ್ನ ಕೈಗಡಿಯಾರ ತೋರಿಸಿ, ಕೂತಲ್ಲೇ ಬಹಳ ಹೊತ್ತು ಕೂತರೆ ಅದು ಮಣಿಕಟ್ಟಿನಲ್ಲಿ ಗುರ್ರೆನ್ನುತ್ತದೆ, ನೀವೂ ಒಂದು ಕಟ್ಟಿಕೊಳ್ಳಿ ಎಂದ. ಆ ಗಡಿಯಾರ ಗುರ್ರೆಂದಾಗಲೆಲ್ಲ ಅವನು ಎದ್ದು ನಡೆಯುವ ಬದಲು ಕೂತಲ್ಲೇ ಕೈ ಕೊಡವಿ ಅದರ ಬಾಯಿ ಮುಚ್ಚಿಸುವುದನ್ನು ನಾನು ದಿನವೂ ನೋಡುತ್ತೇನೆ.

ಇಂಥ ಅನಾಥಸ್ಥಿತಿಯಲ್ಲಿ ನನ್ನ ಕೈಹಿಡಿದವರು ಕೆಟ್ಟು ನಿಂತಿದ್ದ ತಾವು. ನಮ್ಮ ವಿಭಾಗ ಐದನೇ ಮಹಡಿಯಲ್ಲಿ, ಹಳೆಯ ಕಡತಗಳ ಕೋಣೆ ನೆಲಮಹಡಿಯಲ್ಲಿ, ಸಹಿ ಹಾಕುವ ಅಧಿಕಾರಿ ಮೂರನೆಯದರಲ್ಲಿ, ಕ್ಯಾಂಟೀನು ಕಟ್ಟಡದ ಹಿಂದೆ. ಒಂದು ದೂರಿಗೆ ಉತ್ತರ ಬರೆಯಬೇಕಾದರೆ ಒಬ್ಬ ಮನುಷ್ಯ ಇಡೀ ಕಟ್ಟಡವನ್ನು ಇಳಿದು ಹತ್ತಬೇಕು. ಮೊದಮೊದಲು ಮಹಡಿಗೊಂದು ಸಲ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಮೂರನೇ ಮಹಡಿಯ ಗೋಡೆಯಲ್ಲಿರುವ ‘ಬೆಂಕಿ ಬಿದ್ದಾಗ ಏನು ಮಾಡಬೇಕು’ ಎಂಬ ಸೂಚನೆಯನ್ನು ಏದುಸಿರು ಬಿಡುತ್ತಾ ಎಷ್ಟು ಸಲ ಓದಿದ್ದೇನೆಂದರೆ, ನಾಳೆ ಇಲ್ಲಿ ಬೆಂಕಿ ಬಿದ್ದರೆ ಶಾಸ್ತ್ರೋಕ್ತವಾಗಿ ಪಾರಾಗುವವನು ನಾನೊಬ್ಬನೇ. ಬರಬರುತ್ತಾ ಉಸಿರು ಹಿಡಿತಕ್ಕೆ ಬಂತು, ಪ್ಯಾಂಟು ಸೊಂಟದಿಂದ ಜಾರತೊಡಗಿತು, ಎರಡನೆಯ ಸ್ಕ್ಯಾನು ನೋಡಿದ ಡಾಕ್ಟರು “ಭೇಷ್, ಹೇಗೆ ಮಾಡಿದ್ರಿ?” ಎಂದರು. ಮನೋಬಲ ಎಂದೆ. ಸುಳ್ಳು ಹೇಳಿದ್ದಕ್ಕೆ ಕ್ಷಮೆಯಿರಲಿ, ‘ಲಿಫ್ಟ್ ಕೆಟ್ಟಿದೆ’ ಎಂದು ಹೇಳಲು ನಾಚಿಕೆಯಾಯಿತು.

ಮನಸ್ಸಿದ್ದರೆ ಮಾರ್ಗ ಎಂದು ಹಿರಿಯರು ಹೇಳಿದ್ದಾರೆ. ನನ್ನ ಅನುಭವ ಬೇರೆ. ಇದ್ದದ್ದು ಒಂದೇ ಮಾರ್ಗವಾದ್ದರಿಂದ ನನಗೆ ಮನಸ್ಸಿನ ಅಗತ್ಯವೇ ಬೀಳಲಿಲ್ಲ. ಬೆಳಿಗ್ಗೆ ಎದ್ದು ‘ಇವತ್ತು ವ್ಯಾಯಾಮ ಮಾಡಲೋ ಬೇಡವೋ’ ಎಂದು ನನ್ನೊಡನೆ ನಾನೇ ಚೌಕಾಸಿ ಮಾಡುವ ಹಾಳು ಕೆಲಸ ತಪ್ಪಿತ್ತು. ಆದರೂ ಹೊಗಳಿಕೆ ಯಾರಿಗೆ ಬೇಡ? ಕ್ಯಾಂಟೀನಿನಲ್ಲಿ ಕೂತು ದಪ್ಪಗಿರುವವರಿಗೆಲ್ಲ ಶಿಸ್ತಿನ ಮಹತ್ವದ ಬಗ್ಗೆ ಉಪನ್ಯಾಸ ಕೊಡುವಷ್ಟು ನಾನೂ ಕೆಟ್ಟುಹೋಗಿದ್ದೆ.

ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಅಕ್ಕನಿಗೆ ಎದೆಯ ಸೋಂಕು ತಗುಲಿತು. ಅದು ಪೂರ್ತಿ ವಾಸಿಯಾಗುವವರೆಗೆ ಕತ್ತರಿ ಮುಟ್ಟುವುದಿಲ್ಲ, ಅಲ್ಲಿಯವರೆಗೆ ನಿಮ್ಮ ತೂಕ ಈಗಿರುವಲ್ಲೇ ಇರಲಿ ಎಂದರು ಡಾಕ್ಟರು. ಇರಲಿ ಎನ್ನುವುದಕ್ಕೆ ಅವರಿಗೇನು. ಇಳಿಸುವವರೆಗೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ, ಇಳಿದದ್ದನ್ನು ಹಾಗೇ ಹಿಡಿದು ಕೂತವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಸರಿಯಾಗಿ ಅದೇ ವಾರ, ನಮ್ಮ ಕಚೇರಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಕಡತ ತನ್ನ ಗುರಿ ಮುಟ್ಟಿತು, ತಾವು ರಿಪೇರಿಯಾದಿರಿ, ಮುಖ್ಯಾಧಿಕಾರಿಗಳು ಬಂದು ತಮ್ಮ ಬಾಗಿಲಿಗೆ ಕಟ್ಟಿದ್ದ ರಿಬ್ಬನ್ ಕತ್ತರಿಸಿದರು. ಈ ಊರಿನ ಒಡೆದ ಪೈಪುಗಳೆಲ್ಲ ಹಾಗೇ ಸೋರುತ್ತಿರುವಾಗ ತಮ್ಮನ್ನೊಬ್ಬರನ್ನು ಮಾತ್ರ ಸರಿಪಡಿಸುವ ಬುದ್ಧಿ ಇವರಿಗೆ ಯಾರು ಕೊಟ್ಟರೋ ಕಾಣೆ.

ಮೆಟ್ಟಿಲು ಎಲ್ಲಿಗೂ ಹೋಗಿಲ್ಲವಲ್ಲ, ಹತ್ತಬಾರದೇ ಎಂದು ತಾವು ಕೇಳಬಹುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದೂ ಹೀಯಾಳಿಸಬಹುದು. ಆದರೆ ನಾನು ಮೊದಲ ಮೆಟ್ಟಿಲಿಗೆ ಕಾಲಿಡುವ ಸಮಯಕ್ಕೆ ಸರಿಯಾಗಿ ತಾವು ಬಾಗಿಲು ತೆರೆಯುತ್ತೀರಿ, ಒಳಗೆ ಫ್ಯಾನಿನ ತಂಗಾಳಿಯಲ್ಲಿ ನಿಂತ ನಮ್ಮ ವಿಭಾಗಾಧಿಕಾರಿಗಳು, “ಏನ್ರೀ, ಒಬ್ಬರೇ ತಪಸ್ಸಿಗೆ ಹೊರಟ್ರಾ? ಬನ್ನಿ ಬನ್ನಿ, ಜಾಗ ಇದೆ” ಎನ್ನುತ್ತಾರೆ. ಮೊದಲ ದಿನ ನಯವಾಗಿ ನಿರಾಕರಿಸಿದೆ. ಎರಡನೆಯ ದಿನ ನಿರಾಕರಿಸಿದಾಗ “ದೊಡ್ಡ ಮನುಷ್ಯರಾಗಿಬಿಟ್ರು” ಎಂಬ ಮಾತು ಮುಚ್ಚುತ್ತಿದ್ದ ಬಾಗಿಲ ಸಂದಿಯಿಂದ ಕೇಳಿಸಿತು. ಮೂರನೆಯ ದಿನ ಒಳಗಿದ್ದೆ, ಮೇಲಧಿಕಾರಿಗಳ ಗೌರವಾರ್ಥ. ನಾಲ್ಕನೆಯ ದಿನ ಅವರು ರಜೆಯಲ್ಲಿದ್ದರು, ಆಗಲೂ ಒಳಗಿದ್ದೆ.

ತಮ್ಮ ಭಾರದ ಗಂಟೆಯ ಬಗ್ಗೆಯೂ ಎರಡು ಮಾತು. ತೂಕ ಹೆಚ್ಚಾದರೆ ತಾವು ಕೂಗಿಕೊಳ್ಳುತ್ತೀರಿ, ಒಬ್ಬರು ಇಳಿಯಬೇಕು. ಕೊನೆಗೆ ಹತ್ತಿದವರು ಇಳಿಯುವುದು ನ್ಯಾಯ. ಆದರೆ ಗಂಟೆ ಹೊಡೆದೊಡನೆ ಒಳಗಿರುವ ಎಲ್ಲ ಕಣ್ಣುಗಳೂ ಮೊದಲೇ ಹತ್ತಿ ಮೂಲೆ ಸೇರಿದ ನನ್ನ ಹೊಟ್ಟೆಯ ಮೇಲೆ ಬಂದು ನಿಲ್ಲುತ್ತವೆ, ಕೊನೆಗೆ ಹತ್ತಿದ ಆ ಟೈಪಿಸ್ಟೂ ಅತ್ತಲೇ ನೋಡುತ್ತಾನೆ. ನಾನು ನಾಚಿಕೆ ಬಿಟ್ಟು ಛಾವಣಿ ನೋಡುತ್ತೇನೆ. ಅಲ್ಲಿ ಇಳಿದಿದ್ದರೆ ಬದುಕುತ್ತಿದ್ದೆ, ಮೆಟ್ಟಿಲು ಪಕ್ಕದಲ್ಲೇ ಇತ್ತು, ಆದರೆ ಅವಮಾನವಾದಾಗ ಮನುಷ್ಯ ಗಟ್ಟಿಯಾಗಿ ನಿಂತುಬಿಡುತ್ತಾನೆ.

ಇದರ ಫಲವನ್ನು ಕಳೆದ ವಾರ ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದರು. ಕೊಬ್ಬು ತನ್ನ ತವರಿಗೆ ಮರಳತೊಡಗಿದೆ. ಮುಂದಿನ ತಿಂಗಳು ಇನ್ನೊಮ್ಮೆ ನೋಡುತ್ತಾರಂತೆ, ಆಗಲೂ ಹೀಗೇ ಇದ್ದರೆ ನನ್ನನ್ನು ಕೈಬಿಟ್ಟು ಬೇರೆ ದಾನಿಗಾಗಿ ಕಾಯುವವರ ಸಾಲಿನಲ್ಲಿ ಅಕ್ಕನನ್ನು ನಿಲ್ಲಿಸುತ್ತಾರಂತೆ. ಆ ಸಾಲು ಎಷ್ಟು ಉದ್ದವಿದೆ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹೊರಗೆ ಬೆಂಚಿನ ಮೇಲೆ ಅರಿಶಿನ ಬಣ್ಣಕ್ಕೆ ತಿರುಗಿದ ಕಣ್ಣುಗಳೊಡನೆ ಕಾಯುತ್ತಿದ್ದ ಅಕ್ಕನಿಗೆ ನಾನು ವಿಭಾಗಾಧಿಕಾರಿಗಳ ಒತ್ತಾಯ, ತಮ್ಮ ಫ್ಯಾನು, ಕಚೇರಿಯ ರಾಜಕೀಯ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ನಿನ್ನ ಹತ್ರ ಲಿವರ್ ಕೇಳಿದ್ದೆ ಕಣೋ, ನೆಪ ಅಲ್ಲ” ಎಂದಳು. ಅಂದಿನಿಂದ ನನಗೆ ಭಯವಾಗಿದೆ. ಊಟದ ಮುಂದೆ ಕೂತರೂ ಭಯ, ಏಳಲೂ ಭಯ, ಮತ್ತು ಇಷ್ಟು ಭಯವಿದ್ದೂ ನಿನ್ನೆ ಸಂಜೆ ತಮ್ಮೊಳಗೇ ನಿಂತು ಕೆಳಗಿಳಿದೆನಲ್ಲ, ಆ ಮನುಷ್ಯನ ಮೇಲೆ ನನಗೆ ಹೇಸಿಗೆಯಾಗಿದೆ. ತಮ್ಮ ಕನ್ನಡಿಯಲ್ಲಿ ಅವನನ್ನು ಆಪಾದಮಸ್ತಕ ನೋಡುವ ಭಾಗ್ಯವನ್ನೂ ತಾವು ಕರುಣಿಸಿದ್ದೀರಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ ಏನೆಂದರೆ, ದಯವಿಟ್ಟು ಕೆಟ್ಟುಹೋಗಿ. ತಮಗೆ ಅದರಲ್ಲಿ ಪೂರ್ವಾನುಭವವಿದೆ, ಪ್ರತಿಭೆಯೂ ಇದೆ. ಪೂರ್ತಿ ಕೆಡಲು ಹೊಸ ಮೋಟಾರು ಅಡ್ಡಿಯಾದರೆ, ಐದನೇ ಮಹಡಿ ಎಂಬುದೊಂದಿದೆ ಎನ್ನುವುದನ್ನಾದರೂ ಮರೆತುಬಿಡಿ. ಮೇಲಧಿಕಾರಿಗಳು ಅದನ್ನು ಎಂದೋ ಮರೆತಿದ್ದಾರೆ, ಯಾರೂ ಆಕ್ಷೇಪಿಸಲಾರರು. ಅದೂ ಆಗದಿದ್ದರೆ, ನಾನು ಒಬ್ಬನೇ ಒಳಗೆ ಕಾಲಿಟ್ಟಾಗಲೂ ಆ ಭಾರದ ಗಂಟೆಯನ್ನು ಕಟ್ಟಡವೆಲ್ಲ ಕೇಳುವಂತೆ ಬಾರಿಸಿ, ನಾನು ಹೊರಗೆ ಹೋಗುವ ತನಕ ನಿಲ್ಲಿಸಬೇಡಿ. ನಾಚಿಕೆಯಿಂದ ಹತ್ತಿದರೂ ಮೆಟ್ಟಿಲು ಮೆಟ್ಟಿಲೇ, ಲಿವರಿಗೆ ಅದರ ಭೇದ ತಿಳಿಯುವುದಿಲ್ಲ.

ಈ ಅಹವಾಲನ್ನು ತಾವು ಪರಿಶೀಲನೆಯಲ್ಲಿಡುವುದಿಲ್ಲವೆಂದು ನಂಬಿರುವ,

ತಮ್ಮ ವಿಶ್ವಾಸಿ,
ಐದನೇ ಮಹಡಿಯ ಗುಮಾಸ್ತ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ಅಕ್ಕನ ಫೋನು ಬಂತು. ಸೋಂಕು ವಾಸಿಯಾಗಿದೆ, ಓಡಾಡಬಹುದು ಎಂದಿದ್ದಾರಂತೆ. ಸೋಮವಾರ ಭಾವನವರ ಜೊತೆ ತಾನೇ ಕಚೇರಿಗೆ ಬಂದು, ಐದನೇ ಮಹಡಿಯಲ್ಲಿ ಮೆಟ್ಟಿಲಿನ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳಂತೆ. “ನಿನ್ನ ನಂಬಿಕೊಂಡು ಮನೇಲಿ ಕೂತರೆ ನಾನು ಹೋಗೇಬಿಡ್ತೀನಿ” ಎಂದು ನಕ್ಕಳು, ನನಗೆ ನಗಲಾಗಲಿಲ್ಲ. ಅವಳ ಕಾಲುಗಳು ಬಾತಿವೆ, ಮನೆಯ ಹೊಸ್ತಿಲು ದಾಟಲೂ ಭಾವನವರ ಹೆಗಲು ಬೇಕು. ಹೀಗಾಗಿ ಮೇಲಿನ ಕೋರಿಕೆಗಳನ್ನೆಲ್ಲ ಸೋಮವಾರದ ಮಟ್ಟಿಗೆ ಹಿಂತೆಗೆದುಕೊಂಡಿದ್ದೇನೆ. ಅವರಿಬ್ಬರನ್ನೂ ಎಲ್ಲೂ ನಿಲ್ಲದೆ, ಕುಲುಕದೆ ಮೇಲಕ್ಕೆ ಕರೆದೊಯ್ಯಿರಿ. ಜಾಗ ಉಳಿದಿದ್ದರೂ ನನ್ನನ್ನು ಕರೆಯಬೇಡಿ. ತಮ್ಮ ಹುಟ್ಟುಗುಣದಂತೆ ಅಂದೇ ಕೆಟ್ಟು ನಿಂತಿರಾದರೆ, ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಐದೂ ಮಹಡಿ ನಾನೇ ಹತ್ತುತ್ತೇನೆ, ಆಮೇಲೆ ನಮ್ಮಿಬ್ಬರಿಗೂ ತಮ್ಮ ಹಂಗು ಇರುವುದಿಲ್ಲ.